ಕಂಚಿನ ಬಿಲ್ಲೆಯ ಸವಾರ

ಮದುವೆಯಾಗಿ ನಂಜನಗೂಡಿಗೆ ಬಂದ ಮೊದಲ ಶುಕ್ರವಾರವೇ ನಾನು ಆ ಬಿಲ್ಲೆಯನ್ನು ನೋಡಿದೆ. ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಅತ್ತೆ ಮಣೆ ಹಾಕಿಕೊಂಡು ದೇವರ ಸಾಮಾನು ಉಜ್ಜುತ್ತಿದ್ದರು. ಎರಡು ದೀಪದ ಕಂಬ, ಗಂಟೆ, ಆರತಿ ತಟ್ಟೆ, ಕಳಸದ ತಂಬಿಗೆ. ಒಂದು ಕಡೆ ನೆನೆಸಿದ ಹುಣಸೆಹಣ್ಣು, ಇನ್ನೊಂದು ಕಡೆ ಜರಡಿ ಹಿಡಿದ ಬೂದಿ. ಎಲ್ಲವನ್ನೂ ತೊಳೆದು ಬೋರಲು ಹಾಕಿದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ದುಂಡನೆಯ ಬಿಲ್ಲೆಯನ್ನು ತೆಗೆದು ಅಂಗೈ ಮೇಲಿಟ್ಟುಕೊಂಡರು. ಹಳೆಯ ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದು, ಕಂಚಿನದು. ಅದಕ್ಕೆ ಬೂದಿ ಹಾಕಲಿಲ್ಲ. ಹುಣಸೆಯ ರಸವನ್ನಷ್ಟೇ ಹೆಬ್ಬೆರಳಿಗೆ ಹಚ್ಚಿಕೊಂಡು, ಎಳೆಮಗುವಿನ ಹಣೆ ಸವರುವ ಹಾಗೆ ಸವರಿದರು.

“ಬಾವ್ವ ಇಲ್ಲಿ. ನಮ್ಮಪ್ಪನ್ನ ನೋಡು.”

ಬಗ್ಗಿ ನೋಡಿದೆ. ಕುದುರೆಯ ಮೇಲೆ ಕೂತ ಒಬ್ಬ ಮನುಷ್ಯ. ಕೈಯಲ್ಲಿ ಗಿಡ್ಡ ಕತ್ತಿ. ಮೈಮೇಲೆ ಒಂದು ಎಳೆ ನೂಲೂ ಇಲ್ಲ.

“ಅತ್ತೆ, ಬಟ್ಟೆ...” ಎಂದು ನಾನು ನಿಲ್ಲಿಸಿದೆ.

“ಅಲ್ಲಿ ಸೆಕೆ ಕಣವ್ವ,” ಎಂದರು ಅತ್ತೆ, ಒಂದು ಕ್ಷಣವೂ ತಡವರಿಸದೆ. “ಮರ್ಳಿನ ದೇಸ. ನಮ್ ತಲಕಾಡ್ನಲ್ಲಿ ಎಲ್ಲೋ ಒಂದಷ್ಟು ಗುಡ್ಡೆ ಮರ್ಳು. ಅಲ್ಲಿ ಊರ್ಗೂರೇ ಮರ್ಳಂತೆ. ಅದ್ರಲ್ಲಿ ಅಂಗಿ ಇಕ್ಕಂಡು ಯುದ್ಧ ಮಾಡಕಾದದಾ?”

ಅತ್ತೆಯ ತಂದೆ, ಅಂದರೆ ನನ್ನ ಗಂಡನ ತಾತ, ತಿ. ನರಸೀಪುರದವರು. ಮಹಾರಾಜರ ಕುದುರೆ ಪಡೆಯ ಜೊತೆ ಹಡಗು ಹತ್ತಿ, ಮೊದಲನೆಯ ದೊಡ್ಡ ಯುದ್ಧಕ್ಕೆ ಹೋಗಿ ಬಂದವರು. ಗೆದ್ದ ಇಂಗ್ಲಿಷಿನವರು ಆ ಗೆಲುವಿನ ನೆನಪಿಗೆ ಅಚ್ಚು ಹಾಕಿಸಿ ಹಂಚಿದ ಪದಕ ಅದು. ಅತ್ತೆಯ ಪ್ರಕಾರ ಅದರ ಮೇಲಿದ್ದ ಸವಾರ ಅವರ ತಂದೆಯೇ. ಸರ್ಕಾರದವರು ಕೂರಿಸಿ ಬರೆಸಿಕೊಂಡು ಅಚ್ಚು ಹೊಡೆಸಿದ್ದು. ತೊಳೆದಾದ ಮೇಲೆ ಆ ಸವಾರನ ಎದೆಗೆ ಕಡ್ಡಿಯಿಂದ ಒಂದು ಚುಕ್ಕೆ ಕುಂಕುಮ ಇಟ್ಟು, ದೇವರ ಗೂಡಿನಲ್ಲಿ ಗಂಟೆಯ ಪಕ್ಕಕ್ಕೆ ಒರಗಿಸುತ್ತಿದ್ದರು.

ನಾನು ಮೈಸೂರಿನಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಓದಿದವಳು. ನಮ್ಮ ಪ್ರಾರ್ಥನಾ ಮಂದಿರದ ಒಂದು ಗೋಡೆಗೆ ಕುದುರೆ ಏರಿದ ಸಂತನ ಚಿತ್ರ ತೂಗುಹಾಕಿದ್ದರು; ಕುದುರೆಯ ಕಾಲಡಿಯಲ್ಲಿ ರೆಕ್ಕೆಯ ಹಾವಿನಂಥ ಒಂದು ಪ್ರಾಣಿ ನರಳುತ್ತಿತ್ತು. ಬಿಲ್ಲೆಯನ್ನು ಕಂಡ ಮರುಕ್ಷಣವೇ ಆ ಚಿತ್ರ ನೆನಪಿಗೆ ಬಂತು. ಇವನು ನರಸೀಪುರದವನಲ್ಲ ಎಂದು ಅಂದೇ ಅನ್ನಿಸಿತು. ಹೊಸದಾಗಿ ಬಂದ ಸೊಸೆ. ಅದನ್ನು ಹೇಳಿ ನನಗೇನಾಗಬೇಕಿತ್ತು? “ಚೆನ್ನಾಗಿದೆ ಅತ್ತೆ,” ಎಂದೆ. ಆಮೇಲಿನ ಎಂಟು ವರ್ಷ ಹಾಗೆಯೇ ನಡೆದುಹೋಯಿತು.

ಚೆನ್ನಾಗಿದ್ದುದಂತೂ ನಿಜ. ಅತ್ತೆ ಊರಿಗೆ ಹೋದಾಗ ಶುಕ್ರವಾರದ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಆಗ ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಅದನ್ನು ಮಾಡಿದ ಕಲಾವಿದ ಯಾರೋ ನನಗೆ ಗೊತ್ತಿಲ್ಲ, ಆದರೆ ಆತ ಕುದುರೆಯನ್ನು ಹತ್ತಿರದಿಂದ ನೋಡಿದ್ದವನು. ಹಿಂಗಾಲಿನ ನರ ಬಿಗಿದು ನಿಂತಿರುವುದು ಉಗುರಿಗೆ ಸಿಗುತ್ತಿತ್ತು. ಅಷ್ಟು ಚಿಕ್ಕ ದುಂಡಿನೊಳಗೆ ಅಷ್ಟು ದೊಡ್ಡ ಪ್ರಾಣಿಯನ್ನು ಇಕ್ಕಟ್ಟಿಲ್ಲದೆ ನಿಲ್ಲಿಸಿದ್ದ. ಗೊರಸಿನ ಕೆಳಗೆ ಹದ್ದಿನ ಗುರುತಿನ ಗುರಾಣಿ, ಅದರ ಪಕ್ಕ ಒಂದು ತಲೆಬುರುಡೆ, ಎರಡು ಮೂಳೆ. ಮೇಲೆ ಅಂಚಿನಲ್ಲಿ ಏಳುತ್ತಿರುವ ಸೂರ್ಯ. ಬಿಲ್ಲೆಯ ಇನ್ನೊಂದು ಮುಖದಲ್ಲಿ ಗಡ್ಡದ ರಾಜನ ತಲೆ. ಅತ್ತೆಯ ಹೆಬ್ಬೆರಳಿಗೆ ಸವೆದು ರಾಜನ ಮೂಗು ಅರ್ಧ ಹೋಗಿತ್ತು. ಅತ್ತೆಗೆ ಅದರ ಚಿಂತೆ ಇರಲಿಲ್ಲ.

ಬುರುಡೆಯ ಬಗ್ಗೆ ಒಮ್ಮೆ ಕೇಳಿದ್ದೆ.

“ಗೆದ್ದೋರ ಚಿತ್ರ ಅಂದ್ಮೇಲೆ ಕಾಲ್ ಕೆಳೀಕೆ ಯಾರಾರ ಬಿದ್ದಿರ್ಬೇಕಲ್ವಾ ಮಗ?” ಎಂದರು. “ಬೆಟ್ಟದಲ್ಲಿ ತಾಯಿ ಕಾಲ್ ಕೆಳ್ಗೆ ಕೋಣ ಇಲ್ವಾ? ಅಂಗೇಯ. ಇಲ್ದಿದ್ರೆ ಯಾರು ಗೆದ್ದೋರು ಅಂತ ಎಂಗ್ ಗೊತ್ತಾದದು?”

ಈ ಬಿಲ್ಲೆಯ ಮೇಲೆ ಇನ್ನೊಬ್ಬರ ಕಣ್ಣಿತ್ತು. ಅತ್ತೆಯ ತಮ್ಮ, ನರಸೀಪುರದ ಮಾವ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎಪ್ಪತ್ತರ ಹತ್ತಿರ ಬಂದಿದ್ದರೂ ಎದೆ ಸೆಟೆಸಿಯೇ ನಡೆಯುವವರು. ಅತ್ತೆ ಗಂಡನ ಮನೆಗೆ ಹೊರಟಾಗ ಅವರ ತಂದೆ ಬಿಲ್ಲೆಯನ್ನು ಮಗಳ ಸೆರಗಿಗೆ ಕಟ್ಟಿ ಕಳಿಸಿದ್ದರಂತೆ. ಮಾವನಿಗೆ ಅದು ಐವತ್ತು ವರ್ಷದ ನೋವು. ಬಂದಾಗಲೆಲ್ಲ ದೇವರ ಗೂಡಿನ ಮುಂದೆ ನಿಂತು, “ಅಕ್ಕಯ್ಯ, ಇದು ಗಂಡುಮಕ್ಳ ಕಡೆ ಇರಬೇಕಾದ ಪದಾರ್ಥ,” ಎನ್ನುವರು.

“ಮನೆ ನಿಂಗೆ, ಗದ್ದೆ ನಿಂಗೆ. ಅಪ್ಪನ ಕುದ್ರೇನೂ ನಿಂಗೇ ಬೇಕೇನ್ಲಾ?” ಎಂದು ಅತ್ತೆ ಕಾಫಿ ಲೋಟ ಕುಕ್ಕುವರು.

ಕಾರ್ಗಿಲ್ ಯುದ್ಧ ಮುಗಿದ ವರ್ಷ, ಆಗಸ್ಟ್ ತಿಂಗಳ ಮೊದಲಲ್ಲಿ ಮಾವ ಬಂದರು. ಕೈಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಅತ್ತೆ ಅದನ್ನು ನೋಡಿ, “ನಂಜನಗೂಡ್ಗೆ ಬಾಳೆಹಣ್ ತಂದವ್ನೆ ನೋಡವ್ವ ಮೇಷ್ಟ್ರು. ನಾಳೀಕೆ ಕಪಿಲೆಗೆ ಒಂದ್ ಬಿಂದ್ಗೆ ನೀರ್ ತತ್ತಾನೆ,” ಎಂದರು.

ಮಾವನಿಗೆ ನಗುವ ಹೊತ್ತಿರಲಿಲ್ಲ. ಟೀವಿಯಲ್ಲಿ ತಿಂಗಳುಗಟ್ಟಲೆ ಹಿಮದ ಬೆಟ್ಟ, ಬಾವುಟ ಹೊದಿಸಿದ ಪೆಟ್ಟಿಗೆ ನೋಡಿ ಊರಿನವರಿಗೆಲ್ಲ ಮನಸ್ಸು ಕದಡಿಹೋಗಿತ್ತು. ಅವರು ಪಾಠ ಹೇಳಿದ ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ತಾಲ್ಲೂಕಿನ ಸೈನಿಕರ ಪದಕಗಳ ಪ್ರದರ್ಶನ ಏರ್ಪಡಿಸಿದ್ದರು. ಉಸ್ತುವಾರಿ ಮಾವನದೇ.

“ಹೆಚ್ಚಿನವೆಲ್ಲ ಅರವತ್ತೈದು, ಎಪ್ಪತ್ತೊಂದರ ಪದಕ ಅಕ್ಕಯ್ಯ. ಇಷ್ಟು ಹಳೇದು ನಮ್ಮದೊಂದೇ. ಒಂದಿನದ ಮಟ್ಟಿಗೆ ಕೊಡು.”

“ನಾನೇ ತತ್ತೀನಿ. ನಿನ್ ಕೈಗ್ ಕೊಟ್ರೆ ಅದು ತಿರ್ಗಾ ಬಂದದಾ?”

ಮಾವ ನನ್ನತ್ತ ತಿರುಗಿದರು. “ನೋಡಮ್ಮ, ಪ್ರತಿ ಪದಕದ ಮುಂದೆ ಒಂದು ಚೀಟಿ ಇಡಬೇಕು. ಒಟ್ಟು ಹನ್ನೊಂದು. ನಿನ್ನದು ಕಾನ್ವೆಂಟ್ ಅಕ್ಷರ, ಮುತ್ತು ಪೋಣಿಸ್ದಂಗಿರ್ತದೆ. ನೀನೇ ಬರ್ಕೊಡಬೇಕು.” ಹತ್ತು ಪದಕಗಳ ವಿವರ ಒಂದು ಹಾಳೆಯಲ್ಲಿತ್ತು. ಹನ್ನೊಂದನೆಯದನ್ನು ಬಾಯಲ್ಲೇ ಹೇಳಿದರು: “ಮಹಾಯುದ್ಧದಲ್ಲಿ ಕುದುರೆ ಏರಿ, ಕತ್ತಿ ಹಿರಿದು, ಶತ್ರುಗಳನ್ನು ತುಳಿದು ಬಂದ ವೀರಯೋಧ. ಬರ್ಕೊಂಡ್ಯಾ? ಅಂಚಿನಲ್ಲಿ ಅಪ್ಪನ ನಂಬರೂ ಹೆಸರೂ ಹೊಡೆದಿರ್ತಾರೆ ಅಂತ ಸುಬೇದಾರರೊಬ್ಬರು ಹೇಳಿದ್ರು. ಅದನ್ನೂ ನೋಡಿ ಸೇರಿಸು. ಗತ್ತಾಗಿರ್ತದೆ.”

ಅಂಚಿನ ವಿಷಯ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಮಾರನೆಯ ದಿನ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಬಿಲ್ಲೆಯನ್ನು ಹಿತ್ತಿಲಿಗೆ ತಂದೆ. ಅಂಚಿನ ತುಂಬ ವರ್ಷಗಳ ಹುಣಸೆ, ಕುಂಕುಮ ಸೇರಿ ಕಪ್ಪಗೆ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪು ಹಚ್ಚಿ ಮೆಲ್ಲಗೆ ತಿಕ್ಕಿದೆ. ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಎದ್ದವು. ಮೊದಲು ಒಂದು ಸಂಖ್ಯೆ. ಕೊನೆಯಲ್ಲಿ ತಾತನ ಹೆಸರು, ಯಾರೋ ಬಿಳಿಯ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದದ್ದು. ಎರಡರ ನಡುವೆ ನಾಲ್ಕೇ ಇಂಗ್ಲಿಷ್ ಅಕ್ಷರದ ಒಂದು ಪದ: ಸಯಿಸ್.

ಅರ್ಥ ಸರಿಯಾಗಿ ಗೊತ್ತಿರಲಿಲ್ಲ. ಶಾಲೆಯಲ್ಲಿ ಹೊಲಿಗೆಗೆ ಬಹುಮಾನವಾಗಿ ಬಂದ ನಿಘಂಟು ಟ್ರಂಕಿನ ತಳದಲ್ಲಿತ್ತು. ತೆಗೆದು ನೋಡಿದೆ. ಕುದುರೆಯನ್ನು ನೋಡಿಕೊಳ್ಳುವ ಆಳು. ಮೈ ತಿಕ್ಕುವವನು, ಮೇವು ಹಾಕುವವನು, ಲಾಯ ಗುಡಿಸುವವನು.

ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಅತ್ತೆ ಎಂಟು ವರ್ಷದಿಂದ ಹೇಳಿದ ಯುದ್ಧದ ಕತೆಗಳು ಒಂದರ ಹಿಂದೆ ಒಂದು ಬಂದವು. ಆ ಮರಳಿನಲ್ಲಿ ನೀರು ಸಿಕ್ಕರೆ ಮೊದಲು ಕುದುರೆಗೆ, ಆಮೇಲೆ ಮನುಷ್ಯರಿಗೆ. ಡಬ್ಬದ ವಾಸನೆ ಬಂದರೆ ಕುದುರೆ ಬಾಯಿ ಹಾಕುತ್ತಿರಲಿಲ್ಲ, ತಾತ ಬೊಗಸೆಯಲ್ಲಿ ಕುಡಿಸುತ್ತಿದ್ದರು. ಸಂಜೆ ಗೊರಸಿನ ಸಂದಿಯ ಕಲ್ಲು ಕೀಳುವುದು. ಜೀನು ಒತ್ತಿ ಹುಣ್ಣಾದ ಬೆನ್ನಿಗೆ ಎಣ್ಣೆ ಕಾಯಿಸಿ ಹಚ್ಚುವುದು. ಮಲಗುವಾಗ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಮಲಗುವುದು. ಎಷ್ಟು ಕತೆ! ಒಂದರಲ್ಲಾದರೂ ಕತ್ತಿ ಇರಲಿಲ್ಲ. ಒಂದರಲ್ಲೂ ತಾತ ಯಾರನ್ನೂ ಹೊಡೆದಿರಲಿಲ್ಲ. ಇಷ್ಟು ಸರಳವಾದದ್ದನ್ನು ನಾನೂ ಗಮನಿಸಿರಲಿಲ್ಲ, ಹೇಳುವವರೂ ಗಮನಿಸಿರಲಿಲ್ಲ. ಬಿಲ್ಲೆಯ ಮೇಲಿನ ಚಿತ್ರ ಅಷ್ಟು ಬಲವಾಗಿತ್ತು. ಕತೆ ಹೇಳುವ ಬಾಯಿಗಿಂತ ಕಂಚಿನ ಮಾತನ್ನೇ ನಾವೆಲ್ಲ ನಂಬಿದ್ದೆವು.

ಕಲಾವಿದ ಆ ಸವಾರನಿಗೆ ಬಟ್ಟೆ ಯಾಕೆ ತೊಡಿಸಲಿಲ್ಲ ಎಂದು ಅಂದು ಯೋಚಿಸಿದೆ. ಬಟ್ಟೆ ತೊಡಿಸಿದ್ದರೆ ಅವನು ಯಾವುದಾದರೂ ಒಂದು ದೇಶದವನಾಗಿಬಿಡುತ್ತಿದ್ದ. ಟೋಪಿ ಇಟ್ಟರೆ ಇಂಥ ಪಡೆಯವನು, ಪಟ್ಟಿ ಹಾಕಿದರೆ ಇಂಥ ದರ್ಜೆಯವನು. ಏನೂ ಇಲ್ಲದ್ದರಿಂದ ಯಾರು ಬೇಕಾದರೂ ಅವನನ್ನು ತಮ್ಮವನು ಎಂದುಕೊಳ್ಳಬಹುದು. ನರಸೀಪುರದಲ್ಲಿ ಒಬ್ಬಳು ಹುಡುಗಿ ಹಾಗೆಯೇ ಅಂದುಕೊಂಡಳು. ಅದರಲ್ಲಿ ಅವಳ ತಪ್ಪೇನಿದೆ? ಗೆಲುವನ್ನು ಹಾಗೆ ಚೆಂದವಾಗಿ ಎರಕ ಹೊಯ್ದು ಸಾವಿರಾರು ಮನೆಗೆ ಕಳಿಸಿದವರು, ಕುದುರೆಗೆ ನೀರು ಕುಡಿಸಿದವನ ಹೆಸರನ್ನು ಮಾತ್ರ ಅಂಚಿಗೆ ಬರೆದರು.

ಸಂಜೆ ಗಂಡನಿಗೆ ಹೇಳಿದೆ. ಅವರು ಆಫೀಸಿನ ಚೀಲ ಮೊಳೆಗೆ ಸಿಕ್ಕಿಸುತ್ತಿದ್ದರು.

“ಮಾವ ಹೇಳಿದ್ದನ್ನೇ ಬರೆದುಬಿಡು. ಅಂಚು ಯಾರು ನೋಡ್ತಾರೆ?”

“ನಾನು ನೋಡಿಬಿಟ್ಟೆನಲ್ಲ.”

“ನಿನಗೆ ಇಂಗ್ಲಿಷ್ ಬರುತ್ತೆ ಅಂತ ಕಣ್ಣಿಗೆ ಬಿದ್ದದ್ದೆಲ್ಲ ಓದಲೇಬೇಕಾ?”

ಅವರು ಬೇಸರದಿಂದ ಹೇಳಿದ್ದಲ್ಲ. ಆದರೂ ಆ ಮಾತು ಚುಚ್ಚಿತು. ವೀರಯೋಧ ಎಂದು ಬರೆದರೆ ನನ್ನ ಕೈಯಾರೆ ಸುಳ್ಳು ಬರೆದ ಹಾಗೆ. ಸಯಿಸ್ ಎಂದು ಬರೆದರೆ ಅತ್ತೆಯ ತವರೂರಿನ ಜನರೆದುರು ಅವರ ತಂದೆಯನ್ನು ಕುದುರೆಯಿಂದ ಇಳಿಸಿದ ಹಾಗೆ, ಅದೂ ಸೊಸೆಯ ಕೈಯಿಂದ. ಎರಡು ದಿನ ಹತ್ತು ಚೀಟಿಗಳನ್ನು ಬರೆದು ಮುಗಿಸಿ, ಹನ್ನೊಂದನೆಯದನ್ನು ಖಾಲಿ ಇಟ್ಟುಕೊಂಡು ತಿರುಗಿದೆ. ಕೊನೆಗೆ, ಅತ್ತೆಗೆ ಹೇಳದೆ ಏನು ಬರೆದರೂ ತಪ್ಪೇ ಅನ್ನಿಸಿತು.

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರು ಕೂತು ನಾನೂ ಒಂದು ಹಿಡಿ ಎಳೆದುಕೊಂಡೆ.

“ಅತ್ತೆ, ಬಿಲ್ಲೆಯ ಅಂಚಿನಲ್ಲಿ ತಾತನ ಹೆಸರಿದೆ. ಜೊತೆಗೆ ಅವರ ಕೆಲಸವೂ ಇದೆ.”

“ಏನಂತ ಅದೆ?”

“ಸಯಿಸ್ ಅಂತ. ಅಂದರೆ ಕುದುರೆ ನೋಡ್ಕೊಳ್ಳೋರು. ಮೈ ಉಜ್ಜಿ, ನೀರು ಮೇವು ಹಾಕೋರು.”

ಅತ್ತೆಯ ಬೆರಳು ಅಕ್ಕಿಯೊಳಗೆ ನಿಂತಿತು. “ಏರೋನಲ್ವಾ?”

“ಅಲ್ಲ ಅನ್ನಿಸುತ್ತೆ ಅತ್ತೆ.”

“ಇಂಗ್ಲೀಸ್ನೋರು ತಪ್ ಬರ್ಯಾಕಿಲ್ವಾ?”

“ಬರೀಬಹುದು. ಆದರೆ ಇದು...”

ಅವರು ಎದ್ದು ಹೋಗಿ ಬಿಲ್ಲೆಯನ್ನು ತಂದು ನನ್ನ ಮುಂದೆ ಹಿಡಿದರು. “ಅಂಗಾರೆ ಇವನ್ಯಾರು?”

“ಯಾರೂ ಅಲ್ಲ ಅತ್ತೆ. ಗೆದ್ದದ್ದನ್ನ ತೋರಿಸೋಕೆ ಅಂತ ಚಿತ್ರ ಬರೆಯೋರು ಬರೆದಿರೋದು. ಎಲ್ಲರಿಗೂ ಇದೇ ಕೊಟ್ಟಿರ್ತಾರೆ.”

“ಎಲ್ಲಾರ್ಗೂವಾ?”

“ಹೂಂ.”

ಅತ್ತೆ ಬಿಲ್ಲೆಯನ್ನು ಮೊರದ ಅಂಚಿಗಿಟ್ಟರು. ಆಮೇಲೆ ಯಾರಿಗೋ ಹೇಳುವ ಹಾಗೆ ಅಂದರು: “ಐವತ್ ವರ್ಸ ಯಾವನ್ಗೋ ಕುಂಕುಮ ಇಟ್ಕ ಕುಂತಿದ್ನಲ್ಲ.”

ನಗುವಂಥ ಮಾತೇ. ನಗಲಿಲ್ಲ ಅವರು, ನಾನೂ ನಗಲಿಲ್ಲ.

ಆ ಶುಕ್ರವಾರ ದೀಪದ ಕಂಬಗಳು ಹೊಳೆದವು. ಬಿಲ್ಲೆ ತಟ್ಟೆಯಲ್ಲಿ ಹಾಗೆಯೇ ಇತ್ತು. ಅತ್ತೆ ಮಾತು ಬಿಡಲಿಲ್ಲ. ಸಾರಿಗೆ ಉಪ್ಪು ಹಾಕಿದ್ಯಾ, ಹಾಲಿನವನು ಬಂದನಾ, ಅಷ್ಟು. ಕತೆ ನಿಂತುಹೋಯಿತು. ಮಧ್ಯಾಹ್ನ ಜಗುಲಿಗೆ ಬಂದು ಕೂರುವುದೂ ನಿಂತಿತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಸಿಸ್ಟರುಗಳಲ್ಲಿ ಯಾರನ್ನಾದರೂ ಕೇಳಬೇಕೆನ್ನಿಸುತ್ತಿತ್ತು. ಸತ್ಯವನ್ನೇ ಹೇಳಬೇಕೆಂದು ಅವರು ಕಲಿಸಿದ್ದರು. ಹೇಳಿದ ಮೇಲೆ ಎದುರಿನ ಮುದುಕಿ ಅಕ್ಕಿಯ ಮೊರ ಹಿಡಿದು ಗೋಡೆ ನೋಡುತ್ತ ಕೂತರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಹದಿನಾಲ್ಕನೆಯ ತಾರೀಖಿನ ಸಂಜೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಚೀಟಿ ಬರ್ದ್ಯಾ?”

“ಇಲ್ಲ ಅತ್ತೆ.”

“ಅಂಚ್ನಲ್ಲಿ ಏನದೋ ಅದ್ನೇ ಬರಿ.”

“ಮಾವ ಒಪ್ತಾರಾ?”

“ಅವ್ನ್ಗೇನ್ ಗೊತ್ತು? ಅಪ್ಪ ಸಾಯೋವಾಗ ಅವ್ನು ಮೈಸೂರಲ್ಲಿ ಓದಕ್ ಸೇರ್ಕಂಡಿದ್ದ. ನೋಡ್ಕಂಡೋಳು ನಾನು.” ಇಷ್ಟು ಹೇಳಿ ಒಳಗೆ ಹೋದರು.

ಬರೆದೆ. ತಾತನ ಹೆಸರು, ಊರು. ಕೆಳಗೆ: ‘ಸಯಿಸ್. ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರು.’ ಇಷ್ಟೇ ಬರೆಯಲು ಮೂರು ಚೀಟಿ ಹಾಳು ಮಾಡಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೇ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿದ್ದರು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಕಬ್ಬಿನ ಗಾಡಿಯ ಹಿಂದೆ ಬಸ್ಸು ನಿಧಾನವಾಗಿ ಹೋಗುತ್ತಿದ್ದಾಗ ಒಮ್ಮೆ ಮಾತ್ರ ಕೇಳಿದರು: “ಆ ಚೀಟೀಲಿ ಲದ್ದಿ ಗಿದ್ದಿ ಅಂತ ಏನೂ ಬರ್ದಿಲ್ಲ ತಾನೇ?”

“ಇಲ್ಲ ಅತ್ತೆ. ಖಂಡಿತ ಇಲ್ಲ.”

ಶಾಲೆಯ ಹಾಲಿನಲ್ಲಿ ಡೆಸ್ಕುಗಳನ್ನು ಜೋಡಿಸಿ ಬಿಳಿ ಬಟ್ಟೆ ಹಾಸಿದ್ದರು. ಬಾವುಟ ಹಾರಿಸುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಒಂದೊಂದೇ ಚೀಟಿ ಇಡುತ್ತಾ ನಾನು ಪದಕಗಳನ್ನು ನೋಡಿದೆ. ನಮ್ಮ ದೇಶದವು ಹೊಸವು, ಬಣ್ಣಬಣ್ಣದ ಪಟ್ಟಿಯವು. ನಕ್ಷತ್ರ, ಸಿಂಹದ ಲಾಂಛನ, ಮೇಲೆ ಅಕ್ಷರ. ಆ ಹತ್ತರಲ್ಲಿ ಮೇಲೆ ಕಾಣುವ ಮುಖದಲ್ಲಿ ಮನುಷ್ಯನ ಚಿತ್ರವಿದ್ದದ್ದು ಒಂದೂ ಇರಲಿಲ್ಲ. ಎರಡನೆಯ ಮಹಾಯುದ್ಧದ್ದೊಂದು ಇತ್ತು, ಅದರಲ್ಲಿ ಎರಡು ತಲೆಯ ವಿಚಿತ್ರ ಪ್ರಾಣಿಯೊಂದನ್ನು ತುಳಿದು ಸಿಂಹ ನಿಂತಿತ್ತು. ನಮ್ಮ ಬಿಲ್ಲೆಗೆ ಮಾವ ಎಲ್ಲಕ್ಕಿಂತ ಮುಂದೆ, ಗಾಜಿನ ಕೆಳಗೆ, ಕೆಂಪು ವೆಲ್ವೆಟ್ ಹಾಸಿ ಜಾಗ ಮಾಡಿದ್ದರು. ಅತ್ತೆ ಗಂಟು ಬಿಚ್ಚಿ ಇಟ್ಟರು. ಮಾವ ತಕ್ಷಣ ಅದನ್ನು ತಿರುಗಿಸಿ ರಾಜನ ತಲೆ ಮೇಲೆ ಮಾಡಿದರು.

“ಯಾಕ್ಲಾ?”

“ಹೆಣ್ಮಕ್ಳು ಓದೋ ಸ್ಕೂಲು ಅಕ್ಕಯ್ಯ. ಬತ್ತಲೆ ಮನುಷ್ಯನ್ನ ಇಟ್ಕೊಂಡು ಕೂರಕ್ಕಾಗುತ್ತಾ?”

“ಮೂಗಿಲ್ದಿರೋ ರಾಜನ್ನ ನೋಡಕ್ ಬಂದರಾ ಜನ? ಕುದ್ರೆ ಮೇಲ್ ಮಾಡು.”

ಮಾವ ಮತ್ತೆ ತಿರುಗಿಸಿದರು. ನಾನು ಚೀಟಿ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಓದಿ, ಅದನ್ನು ಬೋರಲು ಹಾಕಿದರು.

“ಏನಮ್ಮ ಇದು? ನಾನು ಹೇಳಿದ್ದೇನು?”

“ಅಂಚಿನಲ್ಲಿ ಹಾಗೇ ಇದೆ ಮಾವ. ನೋಡಿ.”

ಅವರು ಬಿಲ್ಲೆಯನ್ನು ಎತ್ತಿ ನೋಡಿದರು. ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ಮತ್ತೆ ಗಾಜಿನ ಕೆಳಗಿಟ್ಟರು. ಇಂಗ್ಲಿಷ್ ಅವರಿಗೂ ಬರುತ್ತಿತ್ತು. ದನಿ ತಗ್ಗಿಸಿ ಹೇಳಿದರು: “ಇದನ್ನ ಇಡಬೇಡ. ಈ ಸ್ಕೂಲಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೇಳಿದೀನಿ, ನಮ್ಮಪ್ಪ ಕತ್ತಿ ಹಿಡಿದು ಕುದುರೆ ಓಡಿಸ್ದೋರು ಅಂತ. ಅಟೆನ್ಶನ್‌ನಲ್ಲಿ ನಿಂತ್ಕೊಂಡು ಕೇಳಿರೋರು ಎಲ್ಲಾ ಈಗ ಬರ್ತಾರೆ. ಲಾಯದ ಆಳು ಅಂತ ಓದ್ತಾರಾ? ಮಾನ ಉಳಿಯುತ್ತಾ ಅಕ್ಕಯ್ಯ?”

ಚೀಟಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಅತ್ತೆ ನನ್ನ ಮುಂಗೈ ಹಿಡಿದರು.

“ತಮ್ಮ, ಒಂದ್ ಮಾತ್ ಕೇಳ್ತೀನಿ, ಯೋಳು. ಸಂತೆ ದಿನ ಬಸ್ ಸ್ಟ್ಯಾಂಡ್ ತಾವ ಜಟಕಾ ಗಾಡಿ ನಿಂತಿರೋವು. ಅಪ್ಪ ಅಲ್ಲಿ ಯಾಕ್ ನಿಂತ್ಕತಿದ್ದ?”

ಮಾವ ವೆಲ್ವೆಟ್ಟಿನ ಅಂಚನ್ನು ಸರಿಮಾಡತೊಡಗಿದರು.

“ಯೋಳ್ಲಾ. ನಿಂಗ್ ಗೊತ್ತು. ನಿನ್ ಕೈ ಇಡ್ಕಂಡೇ ನಿಂತ್ಕತಿದ್ದ.”

“ಅಳ್ತಿದ್ದ,” ಎಂದರು ಮಾವ, ಗಾಜಿನ ಕಡೆ ನೋಡುತ್ತ.

ಇದನ್ನು ನಾನು ಎಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅತ್ತೆ ನನ್ನತ್ತ ತಿರುಗಿ ಹೇಳಿದರು. ಯುದ್ಧ ಮುಗಿದ ಮೇಲೆ ಕುದುರೆಗಳನ್ನು ವಾಪಸು ತರಲಿಲ್ಲವಂತೆ. ಅಲ್ಲೇ ಆ ಮರಳಿನ ಊರಿನಲ್ಲೇ ಯಾರಿಗೋ ಮಾರಿ, ಬರೀ ಜನರನ್ನು ಹಡಗು ಹತ್ತಿಸಿದರಂತೆ. ಇಲ್ಲಿಗೆ ಬಂದ ಮೇಲೆ ತಾತ ಜಟಕಾ ಕುದುರೆ ಕಂಡಲ್ಲೆಲ್ಲ ನಿಲ್ಲುತ್ತಿದ್ದರು. ಅದರ ಹಣೆ ತಡವಿ, ಬೆನ್ನಿನ ಮೇಲೆ ಹುಣ್ಣಿದೆಯಾ ಎಂದು ಜೀನು ಎತ್ತಿ ನೋಡಿ, ಕಣ್ಣೊರೆಸಿಕೊಳ್ಳುತ್ತಿದ್ದರು. ಗಾಡಿಯವರು ನಗುತ್ತಿದ್ದರು.

“ನಮ್ಮವ್ವ ಬಯ್ಯೋಳು. ‘ಯುದ್ಧ ಗೆದ್ದು ಬಂದ್ ಗಂಡ್ಸು ಬಡ್ಕಲು ಕುದ್ರೆ ಕಂಡು ಅಳ್ತಾನೆ, ಊರೋರ್ ಮುಂದೆ ತಲೆ ಎತ್ತಂಗಿಲ್ಲ’ ಅನ್ನೋಳು. ನಮ್ಗೂ ನಾಚ್ಕೆ. ಅದ್ಕೇಯ ಆ ಮಾತ್ನ ಯಾರ್ಗೂ ಯೋಳ್ತಿರ್ಲಿಲ್ಲ.” ಅವರು ಗಾಜಿನ ಮೇಲೆ ಬೆರಳಿಟ್ಟರು, ಸವಾರನ ಮೇಲಲ್ಲ, ಕುದುರೆಯ ಮೇಲೆ. “ಈವತ್ತು ನಾಕ್ ದಿನದಿಂದ ಇದ್ನೇ ಯೋಚ್ನೆ ಮಾಡ್ತಾ ಅವ್ನಿ. ಕತ್ತಿ ಬೀಸ್ದೋನಾಗಿದ್ರೆ ಯಾಕ್ ಅಳ್ತಿದ್ದ? ಅವ್ನ್ ಸಾಕಿದ್ ಮಕ್ಳು ಕಣ್ಲಾ ಅವು. ಬುಟ್ ಬಂದಿದ್ದ. ನಾವು ಅಪ್ಪನ್ಗೆ ಮಳ್ಳು ಅನ್ಕಂಡೋ.”

ಮಾವ ಮೂಗನ್ನು ಕರವಸ್ತ್ರದಿಂದ ಒತ್ತಿಕೊಂಡರು. ಹೊರಗೆ ಮಕ್ಕಳ ಸಾಲು ಕಟ್ಟಿಸುವ ಸೀಟಿ ಕೇಳಿಸುತ್ತಿತ್ತು. ಅವರು ಅತ್ತ ಹೋಗಬೇಕಿತ್ತು, ಹೋಗಲಿಲ್ಲ. ಚೀಟಿಯನ್ನು ಎತ್ತಿ ಮತ್ತೆ ಓದಿದರು. ನನಗೆ ಗೊತ್ತು, ಆಗಲೂ ಅವರಿಗೆ ಅದು ಇಷ್ಟವಿರಲಿಲ್ಲ. ಆದರೆ ಮೇಷ್ಟ್ರಾಗಿದ್ದವರು, ಬರಹ ಅರ್ಧಂಬರ್ಧ ಇದ್ದರೆ ಸಹಿಸುವವರಲ್ಲ.

“‘ಕುದುರೆಗಳನ್ನು’ ಅಂದ್ರೆ ಏನಮ್ಮ? ಎಷ್ಟು ಕುದುರೆ? ಲೆಕ್ಕ ಬೇಡವಾ? ಎರಡು ಅಂತ ಹಾಕು. ಒಂದು ಕಪ್ಪು, ಒಂದು ಕಂದು.”

“ಕಪ್ಪು ಎಲ್ಲಿತ್ಲಾ?” ಎಂದರು ಅತ್ತೆ. “ಎರ್ಡೂ ಕಂದೇಯ. ಒಂದ್ರ ಹಣೆ ಮೇಲೆ ಬಿಳೀ ಚುಕ್ಕೆ.”

“ಅಕ್ಕಯ್ಯ, ನನಗೆ ಅಪ್ಪನೇ ಹೇಳಿದ್ದು. ಕಪ್ಪು. ಕಚ್ಚೋದು.”

“ಕಚ್ತಿದ್ದುದು ಚುಕ್ಕೇದು. ಅಪ್ಪನ್ ಎಡ್ಗೈ ಮೇಲೆ ಗಾಯದ್ ಗುರ್ತು ನೀನ್ ನೋಡಿದ್ಯಾ ನಾನ್ ನೋಡಿದ್ನಾ? ಸ್ನಾನಕ್ ನೀರ್ ಉಯ್ತಿದ್ದೋಳು ಯಾರು?”

“ಗಾಯ ಬಲಗೈಲಿತ್ತು!”

ಹಾಲಿನ ಬಾಗಿಲಿಗೆ ಬಂದ ಹುಡುಗಿಯರು ನಿಂತು ಕೇಳತೊಡಗಿದರು. ನಾನು ಪೆನ್ನಿನ ಟೋಪಿ ತೆಗೆದು, ಚೀಟಿಯನ್ನು ಡೆಸ್ಕಿನ ಅಂಚಿಗಿಟ್ಟುಕೊಂಡು ಕಾದೆ. ಅವರು ಒಪ್ಪಂದಕ್ಕೆ ಬರಲಿಲ್ಲ. ಸೀಟಿ ಮೂರನೆಯ ಸಲ ಕೇಳಿ ಮಾವ ಅಂಗಳದ ಕಡೆ ಓಡಿದ ಮೇಲೆ ನಾನೇ ಒಂದು ಸಾಲು ಸೇರಿಸಿದೆ: ‘ಎರಡು ಕುದುರೆ, ಅವುಗಳಲ್ಲೊಂದು ಕಚ್ಚುತ್ತಿತ್ತು.’ ಅತ್ತೆ ಏನು ಬರೆದೆ ಎಂದು ಕೇಳಿದರು. ಓದಿ ಹೇಳಿದೆ.

“ಚುಕ್ಕೇದು ಅಂತ ಹಾಕು,” ಎಂದರು.